ಒಂದು ಮೇಜು, ಎರಡು ಟೋಸ್ಟರ್

ಮುಂಬಯಿಯಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಹೊರಟವರಿಗೆ ದಲ್ಲಾಳಿ ಮೂರು ಪ್ರಶ್ನೆ ಕೇಳುತ್ತಾನೆ. ಮನೆಯಲ್ಲಿ ಎಷ್ಟು ಜನ? ಎಲ್ಲಿ ನೌಕರಿ? ವೆಜ್ಜೋ, ನಾನ್‌ವೆಜ್ಜೋ? ಮೊದಲ ಎರಡಕ್ಕೆ ಸರಿಯಾದ ಉತ್ತರ ಕೊಟ್ಟೂ ಮೂರನೆಯದರಲ್ಲಿ ನಪಾಸಾಗಿ ಹಿಂತಿರುಗಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. 'ಊಟ ತನ್ನಿಚ್ಛೆ, ನೋಟ ಪರರಿಚ್ಛೆ' ಎಂದು ನಮ್ಮಲ್ಲಿ ಗಾದೆಯಿದೆ. ಈ ಮಹಾನಗರಕ್ಕೆ ಬಂದ ಮೇಲೆ ಆ ಗಾದೆ ತಲೆಕೆಳಗಾಗಿ ನಿಂತುಬಿಡುತ್ತದೆ. ಇಲ್ಲಿ ನೀವು ಏನು ಉಟ್ಟರೂ ಯಾರೂ ತಿರುಗಿ ನೋಡುವುದಿಲ್ಲ, ಏನು ಉಣ್ಣುತ್ತೀರಿ ಎಂಬುದನ್ನು ಮಾತ್ರ ಕಟ್ಟಡದವರೆಲ್ಲ ವಿಚಾರಿಸುತ್ತಾರೆ.

ಆದರೆ ನಾನು ಇಲ್ಲಿ ಬರೆಯಹೊರಟದ್ದು ಬಾಗಿಲ ಹೊರಗಿನ ಈ ಪ್ರಶ್ನೆಯ ಬಗ್ಗೆ ಅಲ್ಲ. ಅದೇ ಪ್ರಶ್ನೆ ಬಾಗಿಲ ಒಳಗೆ ಬಂದು ಕುಳಿತರೆ ಏನು ಮಾಡಬೇಕು ಎಂಬುದರ ಬಗ್ಗೆ. ಒಂದೇ ಸೂರಿನ ಕೆಳಗೆ ಎರಡು ಬಗೆಯ ಊಟದವರು ಬಾಳುವಾಗ, ಒಬ್ಬರು ಇನ್ನೊಬ್ಬರಿಂದ ಎಷ್ಟನ್ನು ಬಿಟ್ಟುಕೊಡು ಎಂದು ಕೇಳಬಹುದು? ಎಲ್ಲಿಯವರೆಗೆ ಅದು ವಿನಂತಿ, ಎಲ್ಲಿಂದ ಮುಂದೆ ಜುಲುಮೆ? ಊರಿನಲ್ಲಿದ್ದಿದ್ದರೆ ಈ ಪ್ರಶ್ನೆ ನನಗೆ ಎದುರಾಗುತ್ತಲೇ ಇರಲಿಲ್ಲವೇನೋ. ಗದಗಿನ ಕಡೆಯ ನಮ್ಮ ಹಳ್ಳಿಯಲ್ಲಿ ಓಣಿ ಓಣಿಗೂ ಊಟ ಬೇರೆಯಾಗಿತ್ತು, ಹಾಗಾಗಿ ಅಡುಗೆಮನೆಗಳು ಒಂದಕ್ಕೊಂದು ಎದುರಾಗುತ್ತಿರಲಿಲ್ಲ. ಡೊಂಬಿವಲಿಯ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅಂಥ ಸೌಕರ್ಯವಿಲ್ಲ.

ನಮ್ಮದು ಲಿಂಗಾಯತ ಮನೆತನ, ಕಟ್ಟಾ ಸಸ್ಯಾಹಾರ. ಧಾರವಾಡದಲ್ಲಿ ಎಂ.ಕಾಂ. ಮುಗಿಸಿ 1981ರಲ್ಲಿ ಬ್ಯಾಂಕು ಸೇರಿದೆ. ವರ್ಗಾವಣೆಯ ಚಕ್ರದಲ್ಲಿ ಮುಂಬಯಿ, ಹೈದರಾಬಾದು, ಪುಣೆ ಸುತ್ತಿ ಮತ್ತೆ ಮುಂಬಯಿಗೇ ಬಂದು ನಿವೃತ್ತನಾದೆ. ಮಗ ಇಲ್ಲಿಯೇ ಓದಿ ಇಲ್ಲಿಯೇ ಕೆಲಸಕ್ಕೆ ಸೇರಿ, 2013ರಲ್ಲಿ ತನ್ನ ಸಹೋದ್ಯೋಗಿಯನ್ನು ಮದುವೆಯಾದ. ಸೊಸೆ ಮಾಲವಣದ ಕಡೆಯ ಮರಾಠಿ ಹುಡುಗಿ. ಸಮುದ್ರದ ದಂಡೆಯವರು, ಮೀನು, ಕೋಳಿ ಅವರಿಗೆ ನಮ್ಮ ಜೋಳದ ರೊಟ್ಟಿ, ಎಣ್ಣೆಗಾಯಿ ಇದ್ದ ಹಾಗೆ. ಮದುವೆಯಾದಾಗ ಯಾರೂ ಯಾರಿಗೂ ಷರತ್ತು ಹಾಕಲಿಲ್ಲ. ಬೇಕಾದಾಗ ಅವರಿಬ್ಬರೂ ಹೊರಗೆ ತಿಂದು ಬರುತ್ತಿದ್ದರು. ಮನೆಯ ಒಲೆಯ ಮೇಲೆ ಅದು ಬರುತ್ತಿರಲಿಲ್ಲ. ಮೊಮ್ಮಗ ಶಾಲೆಗೆ ಹೋಗತೊಡಗಿದ ಮೇಲೆ ಪ್ರಶ್ನೆ ಮನೆಯೊಳಗೆ ಬಂತು. ಅದು ಬಂದದ್ದು ಒಂದು ಸ್ಯಾಂಡ್‌ವಿಚ್ಚಿನ ರೂಪದಲ್ಲಿ. ಗೆಳೆಯನ ಮನೆಯಲ್ಲಿ ತಿಂದ ಬಿಸಿ ಬಿಸಿ ಚಿಕನ್ ಚೀಸ್ ಗ್ರಿಲ್ ಸ್ಯಾಂಡ್‌ವಿಚ್ ಅವನಿಗೆ ಮನೆಯಲ್ಲೇ, ಅಮ್ಮನ ಕೈಯಿಂದಲೇ ಬೇಕಾಯಿತು.

ಈ ಸ್ಯಾಂಡ್‌ವಿಚ್ಚನ್ನು ಹೇಗೆ ಮಾಡುತ್ತಾರೆ ಎಂಬುದನ್ನು ನಾನು ತಿನ್ನದಿದ್ದರೂ ನೋಡಿ ಬಲ್ಲೆ. ಕೋಳಿಯ ತುಂಡನ್ನು ಉಪ್ಪು, ಮೆಣಸು, ಬೆಳ್ಳುಳ್ಳಿ ಹಾಕಿ ಮೊದಲೇ ಬೇಯಿಸಿ, ಆರಿದ ಮೇಲೆ ಎಳೆ ಎಳೆಯಾಗಿ ಬಿಡಿಸಿಡಬೇಕು. ಬ್ರೆಡ್ಡು ಕಾವಿನ ಮೇಲೆ ಇರುವುದು ನಾಲ್ಕೈದು ನಿಮಿಷ ಮಾತ್ರ. ಹಸಿ ಮಾಂಸ ಅಷ್ಟರಲ್ಲಿ ಬೇಯುವುದಿಲ್ಲ. ನೀರಿನ ಪಸೆ ಉಳಿದಿದ್ದರೆ ಹಿಂಡಿ ತೆಗೆಯಬೇಕು, ಇಲ್ಲದಿದ್ದರೆ ಬ್ರೆಡ್ಡು ಮುದ್ದೆಯಾಗುತ್ತದೆ. ಅದಕ್ಕೆ ಸಣ್ಣಗೆ ಹೆಚ್ಚಿದ ಈರುಳ್ಳಿ, ದೊಣ್ಣಮೆಣಸಿನಕಾಯಿ. ಒಂದು ಹೋಳು ಬ್ರೆಡ್ಡಿಗೆ ಮುಂಬಯಿಯ ಪದ್ಧತಿಯಂತೆ ಕೊತ್ತಂಬರಿ, ಪುದೀನ, ಹಸಿಮೆಣಸಿನಕಾಯಿಯ ಹಸಿರು ಚಟ್ನಿ. ತುರಿದ ಚೀಸನ್ನು ಕೆಳಗೂ ಮೇಲೂ ಹಾಕಬೇಕು, ಕರಗಿದ ಚೀಸೇ ಮಾಂಸವನ್ನೂ ಬ್ರೆಡ್ಡನ್ನೂ ಅಂಟಿಸಿ ಹಿಡಿಯುವುದು. ಬೆಣ್ಣೆಯನ್ನು ಹೊರಮೈಗೆ ಸವರಿ ಸಣ್ಣ ಉರಿಯಲ್ಲಿ ಒತ್ತಿಡಬೇಕು. ಉರಿ ಜೋರಾದರೆ ಹೊರಗೆ ಕರಕಲು, ಒಳಗೆ ಚೀಸು ಇನ್ನೂ ತಣ್ಣಗೆ. ಇಳಿಸಿದ ಕೂಡಲೇ ಕತ್ತರಿಸಿದರೆ ಚೀಸೆಲ್ಲ ಹೊರಗೆ ಸುರಿಯುತ್ತದೆ. ಒಂದು ನಿಮಿಷ ತಡೆದು ಕೋನಾಕಾರವಾಗಿ ಕತ್ತರಿಸಬೇಕು. ಇಷ್ಟೇ. ಇದರಲ್ಲಿ ತತ್ತ್ವಜ್ಞಾನ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಬಂದದ್ದು ಟೋಸ್ಟರಿನಿಂದ.

ನಮ್ಮ ಮನೆಯಲ್ಲಿ ಇದ್ದದ್ದು ಮುಂಬಯಿಯ ಫುಟ್‌ಪಾತಿನ ಸ್ಯಾಂಡ್‌ವಿಚ್‌ವಾಲಾಗಳ ಬಳಿ ಇರುತ್ತದಲ್ಲ, ಉದ್ದ ಹಿಡಿಕೆಯ, ಪುಸ್ತಕದ ಹಾಗೆ ಮುಚ್ಚುವ ಅಲ್ಯೂಮಿನಿಯಂ ಟೋಸ್ಟರು. ಬೇಯಿಸಿದ ಬಟಾಟೆ, ಸೌತೆ, ಟೊಮೆಟೊ, ಬೀಟ್‌ರೂಟು ಹಾಕಿ ನನ್ನ ಹೆಂಡತಿ ಅದರಲ್ಲಿ ನಮಗೆಲ್ಲ ಸ್ಯಾಂಡ್‌ವಿಚ್ ಮಾಡಿಕೊಟ್ಟಿದ್ದಾಳೆ. ಅದೇ ಟೋಸ್ಟರಿನಲ್ಲಿ, ಅದೇ ಒಲೆಯ ಮೇಲೆ ಕೋಳಿ ಬರಬೇಕೇ ಎಂಬುದು ಪ್ರಶ್ನೆ.

ಒಂದು ತಮಾಷೆ ಹೇಳುತ್ತೇನೆ. ಸ್ಯಾಂಡ್‌ವಿಚ್ ಎಂಬುದು ಹುಟ್ಟಿನಿಂದ ಮಾಂಸಾಹಾರಿ. 18ನೆಯ ಶತಮಾನದ ಇಂಗ್ಲೆಂಡಿನ ಜಾನ್ ಮಾಂಟಗು ಎಂಬ ಸ್ಯಾಂಡ್‌ವಿಚ್ ಊರಿನ ಅರ್ಲ್ ಸಾಹೇಬನಿಂದ ಅದಕ್ಕೆ ಆ ಹೆಸರು ಬಂತು; ಬ್ರೆಡ್ಡಿನ ನಡುವೆ ಮಾಂಸವಿಟ್ಟು ತಿನ್ನುವ ರೂಢಿ ಅವನದು. ಆ ಹೆಸರು ಬರಹದಲ್ಲಿ ಮೊದಲು ಕಾಣುವುದು 1762ರಲ್ಲಿ, ಇತಿಹಾಸಕಾರ ಗಿಬ್ಬನ್ನನ ದಿನಚರಿಯಲ್ಲಿ. ಮುಂಬಯಿಯ ಬೀದಿ ಅದಕ್ಕೆ ಬಟಾಟೆ ತುಂಬಿ, ಹಸಿರು ಚಟ್ನಿ ಬಳಿದು, ಒಂದು ಬಗೆಯ ದೀಕ್ಷೆ ಕೊಟ್ಟು ಶಾಕಾಹಾರಿ ಮಾಡಿತು. ಬ್ರೆಡ್ಡಿನ ಕಥೆಯೂ ಅಷ್ಟೆ. ಇಲ್ಲಿನ 'ಪಾವ್' ಎಂಬ ಶಬ್ದವೇ ಪೋರ್ಚುಗೀಸರದು. ನನ್ನ ಬಾಲ್ಯದಲ್ಲಿ ಬ್ರೆಡ್ಡು ಮನೆಗೆ ಬರುತ್ತಿದ್ದುದು ಯಾರಿಗಾದರೂ ಜ್ವರ ಬಂದಾಗ ಮಾತ್ರ. ಮಡಿಯ ಮುದುಕರು ಅದನ್ನು ಮುಟ್ಟುತ್ತಲೂ ಇರಲಿಲ್ಲ. ಆಮೇಲೆ ಹಾಸನದ ಕಡೆಯ ಅಯ್ಯಂಗಾರರೇ ಮೊಟ್ಟೆಯಿಲ್ಲದ ಬೇಕರಿಗಳನ್ನು ಊರೂರಲ್ಲಿ ತೆರೆದರು. ಹಿರಿಯರು ದೂರವಿಟ್ಟ ಬ್ರೆಡ್ಡು ಈಗ ನಮ್ಮ ಶುದ್ಧ ಶಾಕಾಹಾರದ ಗುರುತಾಗಿದೆ. ಶುದ್ಧದ ಗೆರೆ ನಾವು ತಿಳಿದುಕೊಂಡಷ್ಟು ಹಳೆಯದೂ ಅಲ್ಲ, ಗಟ್ಟಿಯೂ ಅಲ್ಲ.

ಆದರೆ ಗೆರೆ ಜರುಗಬಲ್ಲದು ಎಂದ ಮಾತ್ರಕ್ಕೆ ಅದು ಸುಳ್ಳು ಎನ್ನುವ ಹಾಗಿಲ್ಲ. ನನ್ನ ಹೆಂಡತಿ ನನಗೆ ಹೇಳಿದ ಮಾತು ಇದು:

"ರೀ, ನಿಮ್ಮ ನೌಕರಿ ಸಲುವಾಗಿ ಊರು ಬಿಟ್ಟೆ, ತವರು ಬಿಟ್ಟೆ, ಮಾತು ಬಿಟ್ಟೆ. ಕಾಯಿಪಲ್ಲೆ ಸೈತ ಇಲ್ಲಿ ಬ್ಯಾರೆ ಹೆಸರು ಹೇಳಿ ಕೇಳಬೇಕು. ನಂದು ಅಂತ ಉಳದದ್ದು ಈ ಒಲಿ ಒಂದ. ಅದನ್ನೂ ಬಿಡು ಅಂತೀರೇನು?"

ಈ ಮಾತನ್ನು ಹಳೆಯ ಕಾಲದ ಹೆಂಗಸಿನ ಹಟ ಎಂದು ತಳ್ಳಿಹಾಕಲು ಸಾಧ್ಯವಿಲ್ಲ. ಪರಊರಿನಲ್ಲಿ ಬಾಳುವವರ ಮನೆಯಲ್ಲಿ ಅಡುಗೆಮನೆಯೇ ಊರು. ಬಾಗಿಲ ಹೊರಗೆ ಮರಾಠಿ, ಹಿಂದಿ, ಇಂಗ್ಲಿಷು. ಒಳಗೆ ಗುರೆಳ್ಳು ಚಟ್ನಿಯ ಪರಿಮಳದಲ್ಲಿ ಮಾತ್ರ ಅವಳ ಗದಗ ಉಳಿದಿದೆ. ಬೆಳಿಗ್ಗೆ ಸ್ನಾನ ಮಾಡಿ ಲಿಂಗಪೂಜೆ ಮುಗಿಸಿ ಅವಳು ಮೊದಲು ಹೋಗಿ ನಿಲ್ಲುವುದು ಆ ಒಲೆಯ ಮುಂದೆ. ಆ ಜಾಗದ ಮೇಲೆ ಅವಳಿಗೆ ಒಂದು ಹಕ್ಕಿದೆ. ಫ್ಲ್ಯಾಟಿನ ಕಾಗದಪತ್ರದಲ್ಲಿ ನನ್ನ ಹೆಸರಿದೆ, ಆದರೆ ಈ ಹಕ್ಕು ಕಾಗದದಲ್ಲಿ ಬರುವಂಥದ್ದಲ್ಲ.

ಸೊಸೆಯ ಮಾತೂ ಹೇಳಬೇಕು. ಅವಳು ಜಗಳ ಮಾಡಲಿಲ್ಲ. ತನ್ನ ಮುರುಕು ಕನ್ನಡದಲ್ಲಿ ಅತ್ತೆಗೆ ಹೇಳಿದಳು: "ಆಯೀ, ನಾನೂ ಒಂದು ಒಲೆ ಬಿಟ್ಟೇ ಬಂದಿದ್ದೇನೆ. ನಮ್ಮ ಮನೆಯಲ್ಲಿ ಬುಧವಾರ, ಭಾನುವಾರ ಮೀನು ಇಲ್ಲದೆ ಊಟ ಇರಲಿಲ್ಲ. ಇಷ್ಟು ವರ್ಷದಲ್ಲಿ ನಾನು ಇಲ್ಲಿ ಒಂದು ಮೀನು ಕರಿದಿಲ್ಲ. ನನಗೆ ಬೇಡ. ಹುಡುಗನಿಗೆ ಅವನ ಅಮ್ಮನ ಮನೆಯ ರುಚಿಯೂ ಗೊತ್ತಾಗಬೇಕು, ಅಷ್ಟೇ."

ಈಗ ಹೇಳಿ, ಇದರಲ್ಲಿ ಯಾರದು ಸರಿ? ಇಬ್ಬರೂ ಮನೆ ಬಿಟ್ಟು ಬಂದವರೇ. ಒಬ್ಬಳು ಗಂಡನ ನೌಕರಿಯ ಹಿಂದೆ ರಾಜ್ಯ ಬಿಟ್ಟು ಬಂದಳು, ಇನ್ನೊಬ್ಬಳು ಮದುವೆಯಾಗಿ ತವರಿನ ನಾಲಿಗೆ ಬಿಟ್ಟು ಬಂದಳು. ವಲಸೆ ಎಂದರೆ ರೈಲು ಹತ್ತಿ ಬರುವುದು ಮಾತ್ರ ಎಂದು ನಾವು ಗಂಡಸರು ತಿಳಿದಿರುತ್ತೇವೆ. ಹೆಣ್ಣುಮಕ್ಕಳು ಪಕ್ಕದ ಓಣಿಗೆ ಮದುವೆಯಾಗಿ ಹೋದರೂ ವಲಸೆಯೇ.

ನಾನು ಲೆಕ್ಕದ ಮನುಷ್ಯ. ಯಾವ ಖರ್ಚನ್ನು ಯಾವ ತಲೆಬರಹದ ಕೆಳಗೆ ಹಾಕಬೇಕು ಎಂದು ನೋಡುವುದು ನನ್ನ ಜೀವಮಾನದ ಅಭ್ಯಾಸ. ಹಾಗಾಗಿ 'ಮಾಂಸ ಬೇಡ' ಎನ್ನುವುದಕ್ಕೆ ನಮ್ಮಂಥವರು ಕೊಡುವ ಕಾರಣಗಳನ್ನು ಬಿಡಿಸಿ ನೋಡಿದೆ. ಮೂರು ಬೇರೆ ಬೇರೆ ಬಾಬುಗಳು ಒಂದೇ ಖಾತೆಯಲ್ಲಿ ಬಿದ್ದಿವೆ ಅನಿಸಿತು. ಒಂದು ದಯೆ, ಇನ್ನೊಂದು ಮಡಿ, ಮೂರನೆಯದು ಹೇಸಿಗೆ.

ದಯೆಯ ಕಾರಣ ಎಲ್ಲಕ್ಕಿಂತ ದೊಡ್ಡದು. ಒಂದು ಜೀವವನ್ನು ನಾಲಿಗೆಯ ಸುಖಕ್ಕೆ ಕೊಲ್ಲಬಾರದು ಎಂಬುದು ನನ್ನ ನಂಬಿಕೆ, ಅದನ್ನು ಬಿಡುವ ಇರಾದೆ ನನಗಿಲ್ಲ. ಇವತ್ತಿನ ಬ್ರಾಯ್ಲರ್ ಕೋಳಿ ಹುಟ್ಟಿದ ಐದಾರು ವಾರಕ್ಕೇ ಕಟುಕನ ಕತ್ತಿಗೆ ಹೋಗುತ್ತದೆ. ಮನೆಯಲ್ಲಿ ಎಲ್ಲರೂ ತಮ್ಮ ತಮ್ಮ ಹಕ್ಕಿನ ಬಗ್ಗೆ ಮಾತಾಡುವಾಗ ಕೋಳಿಯ ಪರವಾಗಿ ಮಾತಾಡುವವರು ಯಾರು ಎಂದು ಒಬ್ಬರಾದರೂ ಕೇಳಬೇಕು. ಆದರೆ ದಯೆಯ ಲೆಕ್ಕ ಹಾಕಲು ಕುಳಿತರೆ ಅದು ಕೋಳಿಯಲ್ಲಿ ನಿಲ್ಲುವುದಿಲ್ಲ. ಅದೇ ಸ್ಯಾಂಡ್‌ವಿಚ್ಚಿನ ಚೀಸನ್ನು ತೆಗೆದುಕೊಳ್ಳಿ. ಹಾಲನ್ನು ಒಡೆಸಿ ಚೀಸು ಮಾಡಲು ಹಳೆಯ ಕಾಲದಿಂದ ಬಳಸುತ್ತ ಬಂದದ್ದು ರೆನೆಟ್. ಅದು ಹಾಲು ಕುಡಿಯುವ ಎಳೆಗರುವಿನ ಜಠರದಿಂದ ತೆಗೆಯುವ ವಸ್ತು. ಇಟಲಿಯ ಹೆಸರಾಂತ ಪಾರ್ಮೀಜಿಯಾನೊ ಚೀಸಿಗೆ ಇವತ್ತಿಗೂ ಕರುವಿನ ರೆನೆಟ್ಟೇ ಆಗಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಹಸಿರು ಚುಕ್ಕೆಯ ಚೀಸಿನಲ್ಲಿ ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ ಇರುತ್ತದೆ, ಅದು ಸಮಾಧಾನ. ಆದರೂ ಹಾಲು ಕೊಡದ ಗಂಡುಗರು, ಕೋಣಗರುಗಳ ಗತಿ ಏನಾಗುತ್ತದೆ ಎಂದು ಹೈನಿನ ಊರಿನಿಂದ ಬಂದ ಯಾರಿಗಾದರೂ ಗೊತ್ತಿದೆ. ಹಸಿರು ಚುಕ್ಕೆ ಆ ಲೆಕ್ಕವನ್ನು ತೋರಿಸುವುದಿಲ್ಲ. ದಯೆಯ ಹೆಸರಿನಲ್ಲಿ ಸೊಸೆಯನ್ನು ತಡೆಯುವವನು ತನ್ನ ತಟ್ಟೆಯ ಹಾಲು, ಚೀಸುಗಳ ಲೆಕ್ಕವನ್ನೂ ಒಪ್ಪಿಸಬೇಕಾಗುತ್ತದೆ. ಅದರರ್ಥ ದಯೆಯೇ ಸುಳ್ಳು ಎಂದಲ್ಲ. ದಯೆ ನಮ್ಮನ್ನು ವಿನಯದಲ್ಲಿ ಇಡಬೇಕು. ಅದನ್ನು ಹೇಳಿ ತಿಳಿಸಬಹುದು, ಬಾಳಿ ತೋರಿಸಬಹುದು, ಹೇರಲು ಹೋದರೆ ಅದು ದಯೆಯಾಗಿ ಉಳಿಯುವುದು ಕಷ್ಟ.

ಎರಡನೆಯದು ಮಡಿ. ಮಡಿ ಎಂಬುದು ಉಡುವವರಿಗೆ ಸೇರಿದ್ದು. ನನ್ನ ಹೆಂಡತಿಯ ಪೂಜೆಗೆ ಒಂದು ನೇಮವಿದೆ. ಆ ನೇಮ ಅವಳ ಪಾತ್ರೆಗೆ, ಅವಳ ಕೈಗೆ, ಅವಳ ಒಲೆಗೆ ಅನ್ವಯಿಸುತ್ತದೆ. ಅದನ್ನು ಮುರಿ ಎಂದು ಸೊಸೆ ಹೇಳುವ ಹಾಗಿಲ್ಲ, ಹೇಳಲೂ ಇಲ್ಲ. ಹಾಗೆಯೇ ಅದೇ ನೇಮವನ್ನು ನೀನೂ ಪಾಲಿಸು ಎಂದು ಅವಳಿಗೆ ಹೇಳುವ ಹಾಗೂ ಇಲ್ಲ.

ಮೂರನೆಯದು ಹೇಸಿಗೆ. ಬೇಯುವ ಮಾಂಸದ ವಾಸನೆಗೆ ನನ್ನ ಹೊಟ್ಟೆ ತೊಳಸುತ್ತದೆ. ಇದಕ್ಕೆ ಧರ್ಮದ ಹೆಸರು ಕೊಡುವುದು ಬೇಡ, ಇದು ಅಭ್ಯಾಸ. ಸೊಸೆಗೆ ನಮ್ಮ ಹಿಂಗಿನ ಡಬ್ಬಿ ತೆಗೆದರೆ ತಲೆನೋವು ಬರುತ್ತದೆ. ಅಭ್ಯಾಸಕ್ಕೂ ಮರ್ಯಾದೆ ಕೊಡಬೇಕು, ಒಟ್ಟಿಗೆ ಬಾಳುವವರು ಒಬ್ಬರ ಮೂಗನ್ನು ಒಬ್ಬರು ಕಾಯಬೇಕು. ಆದರೆ ಅದು ಕಿಟಕಿ ತೆರೆದು ಬಗೆಹರಿಸುವ ವಿಷಯ. ಪಾಪ ಪುಣ್ಯದ ಕೋರ್ಟಿಗೆ ಒಯ್ಯುವಂಥದ್ದಲ್ಲ.

ನಾವು ಸಾಮಾನ್ಯವಾಗಿ ಮಾಡುವುದೇನೆಂದರೆ ಹೇಸಿಗೆಯನ್ನು ಮಡಿ ಎಂದು ಕರೆಯುತ್ತೇವೆ, ಮಡಿಯನ್ನು ದಯೆ ಎಂದು ಕರೆಯುತ್ತೇವೆ. ಆಗ ಒಂದು ಸಣ್ಣ ಅಭ್ಯಾಸಕ್ಕೆ ದೊಡ್ಡ ತತ್ತ್ವದ ಅಧಿಕಾರ ಬಂದುಬಿಡುತ್ತದೆ.

ನಮ್ಮ ಎದುರಿನ ಫ್ಲ್ಯಾಟಿನಲ್ಲಿ ಒಬ್ಬ ಜೈನ ಅಜ್ಜಿ ಇದ್ದಾರೆ. ಅವರು ನೆಲದ ಒಳಗೆ ಬೆಳೆಯುವ ಏನನ್ನೂ ತಿನ್ನುವುದಿಲ್ಲ. ಬಟಾಟೆ, ಈರುಳ್ಳಿ, ಗಜ್ಜರಿ ಯಾವುದೂ ಇಲ್ಲ. ಗಡ್ಡೆಯಲ್ಲಿ ಲೆಕ್ಕವಿಲ್ಲದಷ್ಟು ಜೀವಗಳಿವೆ ಎಂಬುದು ಅವರ ಶ್ರದ್ಧೆ. ಮುಂಬಯಿಯ ಸ್ಯಾಂಡ್‌ವಿಚ್‌ವಾಲಾ ಇದನ್ನು ಬಲ್ಲ, 'ಜೈನ್ ಯಾ ರೆಗ್ಯುಲರ್?' ಎಂದು ಕೇಳಿಯೇ ಕೈ ಹಾಕುತ್ತಾನೆ. ಜೈನ ಸ್ಯಾಂಡ್‌ವಿಚ್ಚಿಗೆ ಬಟಾಟೆಯ ಬದಲು ಬಾಳೆಕಾಯಿ ಹಾಕುವವರೂ ಇದ್ದಾರೆ. ಆ ಅಜ್ಜಿಯ ದೃಷ್ಟಿಯಲ್ಲಿ ನನ್ನ ಬಟಾಟೆ ಸ್ಯಾಂಡ್‌ವಿಚ್ಚು, ನನ್ನ ದೃಷ್ಟಿಯಲ್ಲಿ ಸೊಸೆಯ ಚಿಕನ್ ಸ್ಯಾಂಡ್‌ವಿಚ್ಚು ಇದ್ದ ಹಾಗೆ. ಆದರೆ ಇಷ್ಟು ವರ್ಷದಲ್ಲಿ ಅವರು ನಮ್ಮ ಮನೆಗೆ ಬಂದು ಕೂರದೆ ಇದ್ದ ವಾರವಿಲ್ಲ. ನೀರನ್ನೂ ಮುಟ್ಟುವುದಿಲ್ಲ, ನೀವು ಹೀಗೆ ತಿನ್ನಬಾರದು ಎಂದು ಒಂದು ಮಾತನ್ನೂ ಆಡಿಲ್ಲ. ತನ್ನ ಮೇಲೆ ಅಷ್ಟು ಕಟ್ಟುನಿಟ್ಟು, ಬೇರೆಯವರ ವಿಷಯದಲ್ಲಿ ಅಷ್ಟು ಮೃದು. ವ್ರತ ಎಂದರೆ ಹೀಗಿರಬೇಕು ಎಂದು ನನಗೆ ಅನಿಸಿದೆ.

ಮಾಂಸ ತಿನ್ನುವವರಿಗೆ ನೇಮವೇ ಇಲ್ಲ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದೂ ಸರಿಯಲ್ಲ. ನಮ್ಮ ಸೊಸೆ ಸೋಮವಾರ ಮಾಂಸ ಮುಟ್ಟುವುದಿಲ್ಲ. ಶ್ರಾವಣ ಬಂತೆಂದರೆ ಪೂರ್ತಿ ಬಂದ್. ಇದೇ ಕೊಂಕಣ ಕರಾವಳಿಯಲ್ಲಿ ನೂರಾರು ವರ್ಷಗಳಿಂದ ಇರುವ ಬೆನೆ ಇಸ್ರೇಲಿ ಯೆಹೂದಿಗಳಿದ್ದಾರೆ. ಅವರ ಧರ್ಮದಲ್ಲಿ ಮಾಂಸ ನಿಷಿದ್ಧವಲ್ಲ, ಹಾಲೂ ನಿಷಿದ್ಧವಲ್ಲ, ಎರಡನ್ನೂ ಕೂಡಿಸುವುದು ನಿಷಿದ್ಧ. ಹಾಗಾಗಿ ಅವರು ಮಾಂಸದ ಅಡುಗೆಗೆ ಹಾಲು, ಮೊಸರಿನ ಬದಲು ತೆಂಗಿನ ಹಾಲು ಹಾಕುತ್ತಾರೆ. ನನ್ನ ಮೊಮ್ಮಗನ ಸ್ಯಾಂಡ್‌ವಿಚ್ಚನ್ನು ಅವರ ಮುಂದೆ ಇಟ್ಟರೆ ಕೋಳಿಗೆ ಅಡ್ಡಿಯಿಲ್ಲ, ಚೀಸಿಗೂ ಅಡ್ಡಿಯಿಲ್ಲ, ಎರಡೂ ಒಂದೇ ಬ್ರೆಡ್ಡಿನೊಳಗೆ ಬಂದದ್ದೇ ಅಡ್ಡಿ. ಅದೇ ಒಂದು ಸ್ಯಾಂಡ್‌ವಿಚ್ಚು; ಲಿಂಗಾಯತನಿಗೆ ಒಂದು ಕಾರಣಕ್ಕೆ, ಯೆಹೂದಿಗೆ ಇನ್ನೊಂದಕ್ಕೆ, ಜೈನರಿಗೆ ಅದರೊಳಗಿನ ಈರುಳ್ಳಿಯ ಕಾರಣಕ್ಕೂ ವರ್ಜ್ಯ. ಇವರಲ್ಲಿ ಯಾರ ಪಟ್ಟಿಯನ್ನು ಎಲ್ಲರ ಕಾನೂನು ಮಾಡೋಣ?

ಇದಕ್ಕೆ ನಮ್ಮವರು ಕಂಡುಕೊಂಡ ಸುಲಭದ ದಾರಿ ಒಂದಿದೆ. 'ಹೊರಗ ಏನರ ತಿನ್ನು, ಮನ್ಯಾಗ ಬ್ಯಾಡ.' ಮುಂಬಯಿ, ಪುಣೆ, ಹೈದರಾಬಾದಿನ ಎಷ್ಟೋ ಕನ್ನಡದ ಮನೆಗಳು ಈ ಒಂದು ವಾಕ್ಯದ ಮೇಲೆ ನಡೆಯುತ್ತಿವೆ. ಇದರ ಅನುಕೂಲ ನನಗೆ ಗೊತ್ತು. ಒಲೆಯೂ ಉಳಿಯುತ್ತದೆ, ಮಗನೂ ಉಳಿಯುತ್ತಾನೆ. ಆದರೆ ಬ್ಯಾಂಕಿನಲ್ಲಿ ನಮಗೆ ಸಸ್ಪೆನ್ಸ್ ಖಾತೆ ಎಂದು ಒಂದಿರುತ್ತದೆ. ಎಲ್ಲಿಗೆ ಸೇರಿದ್ದು ಎಂದು ತಕ್ಷಣ ತಿಳಿಯದ ಮೊತ್ತವನ್ನು ತಾತ್ಕಾಲಿಕವಾಗಿ ಅದರಲ್ಲಿ ಇಡುತ್ತೇವೆ. ವರ್ಷಗಟ್ಟಲೆ ಅಲ್ಲೇ ಬಿಟ್ಟರೆ ಆಡಿಟರ್ ಕೇಳದೆ ಬಿಡುವುದಿಲ್ಲ. 'ಹೊರಗೆ ತಿನ್ನು' ಎಂಬುದು ಅಂಥ ಖಾತೆ. ಮೊದಲು ಊಟ ಹೊರಗೆ ಹೋಗುತ್ತದೆ. ಆಮೇಲೆ ಆ ಊಟದ ಜೊತೆಗಿನ ಗೆಳೆಯರು, ಆ ಊಟದ ಸುದ್ದಿ, ಹಬ್ಬದ ದಿನ ಬೇರೆ ಕಡೆ ಕಳೆದ ಸಂಜೆ, ಒಂದೊಂದಾಗಿ ಹೊರಗೆ ಹೋಗುತ್ತವೆ. ಕೊನೆಗೆ ಮಗ ಮನೆಗೆ ಬಂದು ಪೇಪರು ಓದುವ ಅತಿಥಿಯಾಗುತ್ತಾನೆ. ಮನೆ ಶುದ್ಧವಾಗಿ ಉಳಿಯುತ್ತದೆ, ಖಾಲಿಯೂ ಆಗುತ್ತದೆ.

ಇದರ ಇನ್ನೊಂದು ಮಗ್ಗುಲನ್ನು ಮುಂಬಯಿಯ ನಮ್ಮ ಉಡುಪಿ ಹೋಟೆಲುಗಳಲ್ಲಿ ನೋಡಬಹುದು. 'ಪ್ಯೂರ್ ವೆಜ್' ಎಂದು ದೊಡ್ಡ ಬೋರ್ಡು ಹಾಕಿದ ಹೋಟೆಲಿನ ಧಣಿ ಅನೇಕ ಕಡೆ ಬಂಟರವನು. ಗಲ್ಲಾದ ಮೇಲೆ ಕೂತು ದೋಸೆ, ಚೀಸ್ ಗ್ರಿಲ್ ಸ್ಯಾಂಡ್‌ವಿಚ್ಚು ಮಾರುತ್ತಾನೆ, ಮನೆಗೆ ಹೋಗಿ ಕೋರಿ ರೊಟ್ಟಿ ಉಣ್ಣುತ್ತಾನೆ. ಅವನ ಒಲೆಯ ಶುದ್ಧವನ್ನು ಗಿರಾಕಿ ನಂಬುತ್ತಾನೆ, ಅವನೂ ಆ ನಂಬಿಕೆಯನ್ನು ಪ್ರಾಮಾಣಿಕವಾಗಿ ಕಾಯುತ್ತಾನೆ. ನಾನು ಇದರಲ್ಲಿ ಕಪಟ ಕಾಣುವುದಿಲ್ಲ. ಇವನು ಸುಳ್ಳು ಹೇಳುತ್ತಿಲ್ಲ; ಯಾರ ಒಲೆ ಯಾರಿಗಾಗಿ ಎಂದು ಸ್ಪಷ್ಟವಾಗಿ ತಿಳಿದಿದ್ದಾನೆ. ತಾನು ತಿನ್ನುವುದನ್ನು ಗಿರಾಕಿಯ ಒಲೆಗೆ ತರುವುದಿಲ್ಲ, ಗಿರಾಕಿಯ ಪಥ್ಯವನ್ನು ತನ್ನ ಮನೆಗೆ ಒಯ್ಯುವುದಿಲ್ಲ.

ನಮ್ಮ ಮನೆಯಲ್ಲಿ ಕೊನೆಗೆ ಆದದ್ದೂ ಇಂಥದ್ದೇ. ತೀರ್ಮಾನ ನನ್ನದಲ್ಲ, ಅತ್ತೆ ಸೊಸೆಯರದು. ಮುಂಬಯಿಯ ಫ್ಲ್ಯಾಟುಗಳಲ್ಲಿ ಅಡುಗೆಮನೆಗೆ ಅಂಟಿಕೊಂಡು ಬಟ್ಟೆ ಒಗೆಯುವ ಮಶೀನು ಇಡುವ ಸಣ್ಣ ಡ್ರೈ ಬಾಲ್ಕನಿ ಇರುತ್ತದೆ. ಅಲ್ಲಿ ಒಂದು ಕಲ್ಲಿನ ಹಲಗೆ ಹಾಕಿಸಿ, ಕರೆಂಟಿನ ಗ್ರಿಲ್ ಟೋಸ್ಟರು, ಒಂದು ಇಂಡಕ್ಷನ್ ಒಲೆ, ನಾಲ್ಕು ಬೇರೆ ಪಾತ್ರೆ ಇಟ್ಟರು. ವಾರಕ್ಕೊಮ್ಮೆ, ಹೆಚ್ಚಾಗಿ ಭಾನುವಾರ, ಅಲ್ಲಿ ಚಿಕನ್ ಚೀಸ್ ಸ್ಯಾಂಡ್‌ವಿಚ್ಚು ತಯಾರಾಗುತ್ತದೆ. ಒಳಗಿನ ಒಲೆ ನನ್ನ ಹೆಂಡತಿಯದು. ಉಣ್ಣುವುದು ಮಾತ್ರ ಎಲ್ಲರೂ ಒಂದೇ ಮೇಜಿನ ಸುತ್ತ. ಇದು ಸೊಸೆ ಕೇಳಿದ್ದಲ್ಲ, ಮೊದಲ ದಿನ ಹುಡುಗ ತಟ್ಟೆ ಹಿಡಿದು ಬಾಲ್ಕನಿಯಲ್ಲೇ ಕೂರಲು ಹೋದಾಗ ನನ್ನ ಹೆಂಡತಿಯೇ ಕರೆದಳು, "ಅಲ್ಯಾಕ ಕುಂದರತೀ? ಇಲ್ಲೆ ಬಾ, ನನ್ನ ಬಾಜೂಕ ಕುಂದ್ರು."

ಈ ಸಂಗತಿಯನ್ನು ಕನ್ನಡ ಸಂಘದ ಗೆಳೆಯರೊಬ್ಬರಿಗೆ ಹೇಳಿದಾಗ ಅವರು ಒಂದು ಖಾರವಾದ ಮಾತು ಆಡಿದರು: "ಬೇರೆ ಟೋಸ್ಟರು, ಬೇರೆ ಪಾತ್ರೆ, ಬೇರೆ ಜಾಗ. ಊರಿನಲ್ಲಿ ಹೋಟೆಲಿನ ಹೊರಗೆ ಬೇರೆ ಲೋಟ ಇಡುತ್ತಿದ್ದರಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ ಸ್ವಾಮಿ?"

ಇದು ತೆಗೆದುಹಾಕುವಂಥ ಮಾತಲ್ಲ. ನಮ್ಮ ದೇಶದಲ್ಲಿ 'ಬೇರೆ ಪಾತ್ರೆ' ಎಂಬ ಎರಡು ಶಬ್ದಗಳ ಹಿಂದೆ ಎಂಥ ಚರಿತ್ರೆಯಿದೆ ಎಂದು ಬಲ್ಲವರು ಅದನ್ನು ಹಗುರವಾಗಿ ಬಳಸುವುದಿಲ್ಲ. ನಾನು ಯೋಚಿಸಿ ಕಂಡುಕೊಂಡ ವ್ಯತ್ಯಾಸ ಇದು. ಹೋಟೆಲಿನ ಆ ಲೋಟ ಬೇರೆಯಾದದ್ದು ಅದರೊಳಗಿನ ಚಹದಿಂದ ಅಲ್ಲ. ಚಹ ಒಂದೇ, ಕುಡಿಯುವ ಮನುಷ್ಯ ಬೇರೆ ಎಂದು ಲೋಟ ಬೇರೆ. ನಮ್ಮಲ್ಲಿ ಅಡುಗೆ ಬೇರೆ ಎಂದು ಪಾತ್ರೆ ಬೇರೆ, ಮನುಷ್ಯರು ಒಂದೇ. ಸೊಸೆ ಒಳಗಿನ ಒಲೆಯ ಮೇಲೆ ರೊಟ್ಟಿ ಬೇಯಿಸುತ್ತಾಳೆ, ಅವಳು ಬಡಿಸಿದ್ದನ್ನು ನಾವು ಉಣ್ಣುತ್ತೇವೆ. ವಸ್ತುವಿಗೆ ಹಾಕಿದ ಗೆರೆ ಎಂದಾದರೂ ಮನುಷ್ಯರ ಮೇಲೆ ಹರಿದುಬಂತೋ, ಅಂದಿಗೆ ಆ ಗೆಳೆಯರ ಮಾತು ನಿಜವಾಗುತ್ತದೆ. ಮಗು ಬಾಲ್ಕನಿಯಲ್ಲಿ ಉಣ್ಣುವ ಪಾಳಿ ಬಂದರೆ ಟೋಸ್ಟರು ಟೋಸ್ಟರಾಗಿ ಉಳಿಯುವುದಿಲ್ಲ. ಎರಡರ ನಡುವಿನ ಅಂತರ ಒಂದು ಬಾಗಿಲಿನ ಹೊಸ್ತಿಲಷ್ಟೇ ಇದೆ, ಅದನ್ನು ದಿನವೂ ಕಾಯಬೇಕು.

ಈ ಗೆರೆ ಮನೆ ಬಿಟ್ಟು ಕಟ್ಟಡಕ್ಕೆ ಹೋದಾಗ ಏನಾಗುತ್ತದೆ ಎಂಬುದನ್ನು ಮುಂಬಯಿ ತೋರಿಸಿದೆ. ನಾನು 1986ರಲ್ಲಿ ಇಲ್ಲಿಗೆ ಬಂದಾಗ ಮಂಡ್ಯದ ಕಡೆಯ ಒಬ್ಬ ಸಹೋದ್ಯೋಗಿ ನನ್ನ ಜೊತೆ ಬಂದರು. ಒಂದೇ ಬ್ಯಾಂಕು, ಒಂದೇ ದರ್ಜೆ, ಒಂದೇ ಸಂಬಳ. ನನಗೆ ಒಂದು ವಾರದಲ್ಲಿ ಮನೆ ಸಿಕ್ಕಿತು. ಅವರು ನಿಜ ಹೇಳುವ ಮನುಷ್ಯರು. ಮನೆಯಲ್ಲಿ ಬಾಡೂಟ ಮಾಡುತ್ತೇವೆ ಎಂದರು. ಒಂದಾದ ಮೇಲೊಂದು ಸೊಸೈಟಿ ಬೇಡ ಎಂದಿತು. ಕೊನೆಗೆ ಅಂಬರನಾಥದಲ್ಲಿ ಮನೆ ಹಿಡಿದು ವರ್ಷಗಟ್ಟಲೆ ಆ ದೂರವನ್ನು ರೈಲಿನಲ್ಲಿ ನಿಂತು ಸವೆಸಿದರು. ಅವರ ಊಟದ ಸುಂಕವನ್ನು ಅವರ ಮೊಣಕಾಲುಗಳು ಕಟ್ಟಿದವು.

ಸಮುದಾಯದವರು ಸೇರಿ ಮನೆ ಕಟ್ಟಿಕೊಳ್ಳುವುದರಲ್ಲಿ ತಪ್ಪಿಲ್ಲ ಎಂಬ ವಾದವೂ ಇದೆ. 1915ರಲ್ಲಿ ಗಾಮದೇವಿಯಲ್ಲಿ ಸಾರಸ್ವತ ಸಹಕಾರಿ ಗೃಹನಿರ್ಮಾಣ ಸಂಘ ಶುರುವಾದದ್ದು ನಮ್ಮ ಉತ್ತರ ಕನ್ನಡದ ನಂಟಿನ ಚಿತ್ರಾಪುರ ಸಾರಸ್ವತರಿಂದ, ತಲ್ಮಾಕಿಯವರಂಥ ಸಹಕಾರಿ ಧುರೀಣರ ದುಡಿಮೆಯಿಂದ. ಪರಊರಿನಲ್ಲಿ ಬಡ ಗುಮಾಸ್ತರಿಗೆ ಸೂರು ಕೊಟ್ಟದ್ದು ಅಂಥ ಒಗ್ಗಟ್ಟು. ಅಹಮದಾಬಾದಿನ ಪಾರಸಿ ಸೊಸೈಟಿಯೊಂದರ ಮೊಕದ್ದಮೆಯಲ್ಲಿ 2005ರಲ್ಲಿ ಸುಪ್ರೀಂ ಕೋರ್ಟು ಸದಸ್ಯತ್ವವನ್ನು ತಮ್ಮ ಸಮುದಾಯಕ್ಕೆ ಸೀಮಿತಗೊಳಿಸುವ ಸಂಘದ ಹಕ್ಕನ್ನು ಎತ್ತಿಹಿಡಿಯಿತು. ಕಾನೂನು ಅಲ್ಲಿಗೆ ಬಂದು ನಿಂತಿರಬಹುದು, ವಿವೇಕ ಇನ್ನೂ ಸ್ವಲ್ಪ ಮುಂದೆ ಹೋಗಬೇಕು. ಹತ್ತು ಜನ ಸೇರಿ ಆಸರೆ ಕಟ್ಟಿಕೊಳ್ಳುವುದು ಒಂದು, ಇಡೀ ಬಡಾವಣೆಗಳೇ ಹನ್ನೊಂದನೆಯವನ ತಟ್ಟೆ ನೋಡಿ ಬಾಗಿಲು ಹಾಕುವುದು ಇನ್ನೊಂದು. 2014ರ ಸರ್ಕಾರಿ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ 15 ವರ್ಷ ಮೇಲ್ಪಟ್ಟ ನೂರಕ್ಕೆ ಸುಮಾರು 70 ಜನ ಮಾಂಸಾಹಾರಿಗಳು. ಹೆಚ್ಚಿನವರ ಊಟವನ್ನು ಕುಂದು ಎಂದು ಬರೆದುಕೊಂಡ ನಗರ ಯಾರ ನಗರ?

ನಮ್ಮ ಸೊಸೈಟಿಯಲ್ಲಿ ನಾನು ಖಜಾಂಚಿ; ನಿವೃತ್ತ ಬ್ಯಾಂಕಿನವರಿಗೆ ಈ ಕೆಲಸ ತಪ್ಪುವುದಿಲ್ಲ. ಮೀನಿನ ವಾಸನೆಯ ಬಗ್ಗೆ ಒಮ್ಮೆ ದೂರು ಬಂತು, ನಿಷೇಧದ ಠರಾವು ಮಾಡಿ ಎಂದರು. ನಾನು ಹೇಳಿದ್ದು ಇಷ್ಟೆ: ವಾಸನೆ ತಾನೆ ತಕರಾರು? ಹಾಗಾದರೆ ಚಿಮಣಿಯ ಕೊಳವೆಯನ್ನು ತಾರಸಿಯವರೆಗೆ ಹಾಕಿಸೋಣ. ಕೊಳವೆ ಹಾಕಿಸಿದ ಮೇಲೂ ದೂರು ಉಳಿದರೆ ಅದು ವಾಸನೆಯದಲ್ಲ, ಮನುಷ್ಯರದು. ಆಗ ಅದನ್ನು ಅದರ ಹೆಸರಿನಿಂದಲೇ ಚರ್ಚಿಸೋಣ. ಕೊಳವೆ ಹಾಕಿಸಿದೆವು, ದೂರು ನಿಂತಿತು.

ಮೊಮ್ಮಗನಿಗೆ ಈಗ ಹತ್ತು ವರ್ಷ. ಒಂದು ದಿನ ಉಣ್ಣುತ್ತ ಕೇಳಿದ, "ಅಜ್ಜಾ, ನೀ ಯಾಕ ಚಿಕನ್ ತಿನ್ನಂಗಿಲ್ಲ?" 'ನಮ್ಮಲ್ಲಿ ತಿನ್ನುವುದಿಲ್ಲ' ಎಂದು ಒಂದು ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಅವನೂ 'ನಮ್ಮಲ್ಲಿ' ಒಬ್ಬನೇ ಅಲ್ಲವೆ? ಹಾಗಾಗಿ ನನ್ನ ಕಾರಣ ಹೇಳಿದೆ. "ಕೋಳಿ ಸಾಯೋದು ನನಗ ಬ್ಯಾಡ ಅನಸ್ತೈತಿ. ನಿನಗ ಏನ ಅನಸ್ತೈತಿ, ನೀ ದೊಡ್ಡಂವ ಆದಂಗ ನೋಡಕೋ."

ಅವನು ಸ್ವಲ್ಪ ಹೊತ್ತು ಯೋಚಿಸಿ, "ಮತ್ತ ಚೀಸ್ ತಿಂತೀಯಲ್ಲಾ? ಅದು ಆಕಳ ಕರುವಿನ ಹಾಲಲ್ಲೇನು?" ಎಂದ. ಎದುರಿಗೆ ಕೂತ ಅವನ ತಾಯಿ ನಗುವನ್ನು ತಡೆದುಕೊಂಡಳು. ನಾನು, "ಹೌದಪಾ, ಅದೂ ವಿಚಾರ ಮಾಡೂದ ಐತಿ" ಎಂದೆ. ಎದುರುಬದುರು ಕೂತು ಉಂಡದ್ದರಿಂದ ಆ ಪ್ರಶ್ನೆ ಬಂತು. ಅವನು ಹೊರಗೆಲ್ಲೋ ತಿಂದು ಬಾಯಿ ಒರೆಸಿಕೊಂಡು ಬರುವ ಹುಡುಗನಾಗಿದ್ದರೆ ನನಗೂ ಈ ಪ್ರಶ್ನೆ ಕೇಳುವವರಿರಲಿಲ್ಲ, ಅವನಿಗೂ ನನ್ನ ದಯೆಯ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಮುಂದೆ ಅವನು ಮಾಂಸ ಬಿಡುತ್ತಾನೋ ಇಲ್ಲವೋ ಗೊತ್ತಿಲ್ಲ. ಬಿಟ್ಟರೆ ತಿಳಿದು ಬಿಡುತ್ತಾನೆ, ತಿಂದರೆ ತಿಳಿದು ತಿನ್ನುತ್ತಾನೆ.

ಊರಿನಲ್ಲಿರುವ ಓದುಗರಿಗೆ ಒಂದು ಮಾತು. ನಿಮ್ಮ ಮಕ್ಕಳೂ ಪುಣೆಯಲ್ಲಿ, ಚೆನ್ನೈಯಲ್ಲಿ, ದಿಲ್ಲಿಯಲ್ಲಿ ಇರಬಹುದು. ನಾಲ್ಕು ಜನ ಕೂಡಿ ಹಿಡಿದ ಬಾಡಿಗೆ ಮನೆಯಲ್ಲಿ, ಗೆಳೆಯನ ಟೋಸ್ಟರಿನಲ್ಲಿ, ಏನು ಬೇಯುತ್ತದೆ ಎಂದು ನಿಮಗೆ ಕಾಣುವುದಿಲ್ಲ. ನಿಮ್ಮ ಒಲೆಯ ನೇಮವನ್ನು ನೀವು ಬಿಡಬೇಕಾಗಿಲ್ಲ, ನಾನೂ ಬಿಟ್ಟಿಲ್ಲ. ಆದರೆ ದೀಪಾವಳಿಗೆ ಮಗ ಊರಿಗೆ ಬಂದು ಉಣ್ಣಲು ಕೂತಾಗ 'ಅಲ್ಲಿ ಏನ ಉಣ್ತೀ ತಮ್ಮಾ?' ಎಂದು ನೀವು ಕೇಳಿಯೇ ಕೇಳುತ್ತೀರಿ. ಆಗ ಅವನು ನಿಮ್ಮ ಮುಖ ನೋಡಿ ನಿಜ ಹೇಳುವ ಹಾಗಿರಬೇಕು. ಅಷ್ಟು ಜಾಗ ಮೇಜಿನ ಮೇಲೆ ಇದ್ದರೆ, ಟೋಸ್ಟರು ಒಂದಿರಲಿ ಎರಡಿರಲಿ, ಮನೆ ಒಂದೇ ಆಗಿ ಉಳಿಯುತ್ತದೆ.